ಒಂಟಿಗೆ ಹತ್ತು ಅಂಕ

ಜ್ಯೋತ್ಸ್ನಾ ಅವನನ್ನು ಮೊದಲ ಸಲ ಮಾತನಾಡಿಸಿದ್ದೇ ಬೈಯುವುದಕ್ಕೆ.

ದಾದರ್ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಹಳೆಯ ಬಿಲ್ಡಿಂಗಿನ ನಾಲ್ಕನೆಯ ಮಹಡಿಯಲ್ಲಿ ಅವಳು ಇಂಗ್ಲಿಷ್ ಕಲಿಸುವ ಕೋಚಿಂಗ್ ಕ್ಲಾಸ್ ಇತ್ತು. ಪರದೇಶಕ್ಕೆ ಹೋಗಿ ನೆಲೆಸಬೇಕು ಎನ್ನುವವರು ಮೊದಲು ಪಾಸು ಮಾಡಬೇಕಾದ ಇಂಗ್ಲಿಷ್ ಪರೀಕ್ಷೆಗೆ ಅಲ್ಲಿ ತಯಾರಿ. ಜುಲೈ ತಿಂಗಳು, ಮೂರು ದಿನದಿಂದ ಲಿಫ್ಟ್ ಕೆಟ್ಟಿತ್ತು. ಮುಲುಂಡ್‌ನಿಂದ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದ ಜ್ಯೋತ್ಸ್ನಾ ಒದ್ದೆ ಛತ್ರಿ ಹಿಡಿದುಕೊಂಡು ನಾಲ್ಕು ಮಹಡಿ ಹತ್ತಿದಾಗ, ಕ್ಲಾಸಿನ ಬಾಗಿಲಲ್ಲಿ ಒಬ್ಬ ನಿಂತಿದ್ದ. ನೀಲಿ ಯೂನಿಫಾರ್ಮ್, ಎದೆಯ ಮೇಲೆ ಯಾವುದೋ ಲಿಫ್ಟ್ ಕಂಪನಿಯ ಹೆಸರು, ಹೆಗಲಲ್ಲಿ ಪಾನಾ, ಸ್ಕ್ರೂಡ್ರೈವರ್ ತುಂಬಿದ ಚೀಲ.

"ಅಬ್ ಆಯೇ? ತೀನ್ ದಿನ್ ಸೇ ಕಂಪ್ಲೇಂಟ್ ದೇ ರಹೇ ಹೈಂ!" ಎಂದು, ಮೂರು ದಿನದಿಂದ ದೂರು ಕೊಟ್ಟರೂ ಈಗ ಬಂದಿರಾ ಎಂದು ಶುರು ಮಾಡಿದಳು. ಸಿಟ್ಟು ಏರಿದಂತೆ ಹಿಂದಿ ಬಿಟ್ಟು ಇಂಗ್ಲಿಷಿಗೆ ಬಂದಳು. ಕೊನೆಗೆ ಬೀಗ ತೆಗೆಯುತ್ತಾ ತನ್ನಷ್ಟಕ್ಕೆ, "ಮೊಣಕಾಲು ನೋವಿದ್ದವರು ಹೇಗೆ ಹತ್ತುವುದು ಅಂತ ಇವರಿಗೆಲ್ಲ ಎಂಥದಾದ್ರೂ ಉಂಟಾ" ಎಂದಳು.

ಅವನು ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಕೆಳಗಿಳಿದು ಹೋದ. ಮುಕ್ಕಾಲು ಗಂಟೆಯಲ್ಲಿ ಲಿಫ್ಟ್ ಗಡಗಡ ಎಂದು ಮೇಲೆ ಬಂತು. ಒಳಗಿಂದ ಅವನೇ ಹೊರಗೆ ಬಂದ. ಬಾತ್‌ರೂಮಿಗೆ ಹೋಗಿ ಗ್ರೀಸಿನ ಕೈ ತೊಳೆದುಕೊಂಡು ಬಂದು ಅವಳ ಮೇಜಿನ ಮುಂದೆ ನಿಂತ.

"ಇನ್ನೆಂಥದು? ಸಹಿ ಬೇಕಾ?" ಎಂದಳು ಜ್ಯೋತ್ಸ್ನಾ. ಕನ್ನಡ ಬಾಯಿಂದ ಜಾರಿ ಬಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ.

"ಸಹಿ ಅಲ್ರಿ ಮೇಡಂ, ಫಾರಂ ಬೇಕಾಗಿತ್ತು. ಅಡ್ಮಿಷನ್ ಫಾರಂ. ನಾ ಲಿಫ್ಟಿನ ಮೆಕ್ಯಾನಿಕ್ ಖರೇ, ಆದ್ರ ನಿಮ್ಮ ಬಿಲ್ಡಿಂಗಿನಾಂವ ಅಲ್ರಿ. ಇಂಗ್ಲಿಷ್ ಕಲೀಲಿಕ್ಕೆ ಬಂದೀನಿ."

"ಮತ್ತೆ ರಿಪೇರಿ ಯಾಕೆ ಮಾಡಿದ್ರಿ?"

"ನೀವು ಅಷ್ಟು ಮನಸಿಟ್ಟು ಬೈಲಿಕತ್ತಿದ್ರಿ. ನಡುವ ಬಾಯಿ ಹಾಕೂದು ಸರಿ ಅನಿಸಲಿಲ್ಲ."

ಜ್ಯೋತ್ಸ್ನಾಳ ಮುಖ ಕೆಂಪಾಯಿತು. ಅವನು ಮಾತ್ರ ನಗಲಿಲ್ಲ. ಆದರೆ ತುಟಿಯ ಎಡತುದಿಯನ್ನು ಒಳಗಿನಿಂದ ಕಚ್ಚಿ ಹಿಡಿದಿದ್ದ. ಅದನ್ನು ಕಂಡೇ ಅವಳಿಗೆ ನಗು ಬಂದುಬಿಟ್ಟಿತು.

ಹೆಸರು ಯಲ್ಲಾಲಿಂಗ. ವಿಜಯಪುರದ ಕಡೆಯವನು. ಕಟ್ಟಡದ ಕೆಲಸಕ್ಕೆ ಬಂದ ಅಪ್ಪ ಅವ್ವನ ಜೊತೆ ಎಂಟನೆಯ ವಯಸ್ಸಿಗೆ ಮುಂಬಯಿಗೆ ಬಂದವನು. ಈಗ ಅಪ್ಪ ಇಲ್ಲ. ಬೊರಿವಲಿಯ ಚಾಳಿನಲ್ಲಿ ಅವನೂ ಅವ್ವ ಸೋಮವ್ವನೂ ಇಬ್ಬರೇ. ಐಟಿಐ ಮಾಡಿ ಲಿಫ್ಟ್ ಕಂಪನಿ ಸೇರಿ ಎಂಟು ವರ್ಷ ದಾಟಿತ್ತು. ಆಸ್ಟ್ರೇಲಿಯಾಕ್ಕೆ ಲಿಫ್ಟ್ ಮೆಕ್ಯಾನಿಕ್‌ಗಳು ಬೇಕಂತೆ, ಅಂಕದ ಲೆಕ್ಕದಲ್ಲಿ ಪಿಆರ್, ಅಂದರೆ ಅಲ್ಲೇ ನೆಲೆಸುವ ಪರವಾನಗಿ, ಕೊಡುತ್ತಾರಂತೆ ಎಂದು ಯಾರೋ ಹೇಳಿದ್ದೇ ತಲೆಯಲ್ಲಿ ಕೂತಿತ್ತು. ಒಳ್ಳೆಯ ಕೆಲಸಗಾರ, ಒಳ್ಳೆಯ ವಯಸ್ಸು. ಕೊರತೆ ಇದ್ದದ್ದು ಇಂಗ್ಲಿಷಿನದು.

ಇಂಗ್ಲಿಷ್ ಅವನ ಬಾಯಲ್ಲಿ ಬಹಳ ಕಷ್ಟಪಡುತ್ತಿತ್ತು. ಆದರೆ ಅವನು ಬಿಡುವ ಪೈಕಿ ಅಲ್ಲ. ಬೆಳಿಗ್ಗೆ ಡ್ಯೂಟಿ, ಸಂಜೆ ಕ್ಲಾಸ್, ರೈಲಿನಲ್ಲಿ ಇಯರ್‌ಫೋನ್. ವಾರಕ್ಕೆ ಎರಡು ಪ್ರಬಂಧ ಬರೆದು ತರುತ್ತಿದ್ದ. ಜ್ಯೋತ್ಸ್ನಾ ಕೆಂಪು ಪೆನ್ನು ಹಿಡಿದು ಕೂತರೆ ಪುಟವೆಲ್ಲ ಹೋಳಿ ಆಡಿದಂತೆ ಆಗುತ್ತಿತ್ತು. ಮೂರು ತಿಂಗಳಲ್ಲಿ ಕೆಂಪು ಕಡಿಮೆಯಾಯಿತು. ಆದರೂ ಪ್ರತಿ ಪ್ರಬಂಧದ ಕೊನೆಯ ಸಾಲಿನಲ್ಲಿ ಮಕ್ಕಳೂ ಮಾಡದ ಒಂದು ತಪ್ಪು ಇದ್ದೇ ಇರುತ್ತಿತ್ತು.

"ಇದನ್ನು ಹತ್ತು ಸಲ ಹೇಳಿಕೊಟ್ಟಿದ್ದೇನೆ. ಮತ್ತೆ ಅದೇ ತಪ್ಪಾ?" ಎಂದು ಅವಳು ಒಂದು ದಿನ ರೇಗಿದಳು.

"ಬೇಕಂತಲೇ ಬಿಟ್ಟಿರ್ತೀನ್ರಿ."

"ಯಾಕೆ?"

"ಎಲ್ಲಾ ಸರಿ ಇದ್ರ ನೀವು ಟಿಕ್ ಹಾಕಿ ಮುಂದಿನ ಬೆಂಚಿಗೆ ಹೋಗ್ತೀರಿ. ಒಂದು ತಪ್ಪಿದ್ರ ಇಲ್ಲಿ ನಿಂತು ಬೈತೀರಿ."

ಇಷ್ಟು ಹೇಳಿ ಅವನು ಪುಸ್ತಕದೊಳಗೆ ತಲೆ ಹಾಕಿದ. ಕಿವಿಯ ತುದಿ ಮಾತ್ರ ಕೆಂಪಗೆ ಹೊರಗಿತ್ತು. ಜ್ಯೋತ್ಸ್ನಾ ಮುಂದಿನ ಬೆಂಚಿಗೆ ಹೋದಳು. ಅಲ್ಲಿದ್ದವನ ಪ್ರಬಂಧದಲ್ಲಿ ಆ ದಿನ ಯಾವ ತಪ್ಪೂ ಅವಳಿಗೆ ಕಾಣಿಸಲಿಲ್ಲ.

ಕ್ಲಾಸು ಮುಗಿದ ಮೇಲೆ ಇಬ್ಬರೂ ದಾದರಿನ ಸೇತುವೆಯವರೆಗೆ ಒಟ್ಟಿಗೆ ನಡೆಯುವುದು ರೂಢಿಯಾಯಿತು. ಅಲ್ಲಿಂದ ಅವಳಿಗೆ ಸೆಂಟ್ರಲ್ ಲೈನು, ಅವನಿಗೆ ವೆಸ್ಟರ್ನ್. ಸೇತುವೆಯ ಮೇಲೆ ಜನ ದೂಡಿಕೊಂಡು ಹೋಗುತ್ತಿದ್ದರೆ ಇವರು ಕಂಬಿಗೆ ಒರಗಿ ನಿಂತು ಒಂದು ಲೋಕಲ್ ಬಿಡುವರು, ಇನ್ನೊಂದು ಬಿಡುವರು. ಡಿಸೆಂಬರಿನಲ್ಲಿ ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಅವನು ಫೋನನ್ನು ಅವಳ ಕೈಗೆ ಕೊಟ್ಟ. ನಾಲ್ಕೂ ವಿಭಾಗದಲ್ಲಿ ಬೇಕಾದಷ್ಟು ಬಂದಿತ್ತು.

"ಇನ್ನು ಕ್ಲಾಸಿಗೆ ಬರಬೇಕಾಗಿಲ್ಲ ನೀವು," ಎಂದಳು. ಹೇಳಬೇಕಾಗಿ ಬಂತಲ್ಲ, ಅದಕ್ಕೇ ಸಿಟ್ಟು ಬಂತು.

"ಬರಬೇಕಾಗಿಲ್ಲ ಅಂದ್ರ ನಿಮ್ಮನ್ನ ನೋಡಲಿಕ್ಕೆ ಯಾವ ಫಾರಂ ತುಂಬಬೇಕ್ರಿ ಮೇಡಂ?"

"ಅದಕ್ಕೆ ಫಾರಂ ಇಲ್ಲ ಮಾರಾಯ," ಎಂದಳು ಜ್ಯೋತ್ಸ್ನಾ, "ಬಾಯಿಬಿಟ್ಟು ಕೇಳಿದ್ರೆ ಸಾಕು."

ಅವನು ಬಾಯಿಬಿಟ್ಟು ಕೇಳಿದ. ಆ ಸಂಜೆ ಅವರು ಏಳು ಲೋಕಲ್ ಬಿಟ್ಟರು.

ಸಲಿಗೆ ಬಂದ ಮೇಲೆ 'ನೀವು' ಹೋಗಿ 'ನೀ' ಬಂತು. 'ಮೇಡಂ' ಮಾತ್ರ ಹೋಗಲಿಲ್ಲ. ಅವಳಿಗೂ ಅದು ಮುದ್ದಾಗಿಯೇ ಕೇಳುತ್ತಿತ್ತು. ಹಾಗೆಯೇ ಅವಳ ತಿದ್ದುವ ಚಾಳಿಯೂ ಹೋಗಲಿಲ್ಲ. ಹೋಟೆಲಿನಲ್ಲಿ ಅವನು ವೇಟರ್‌ಗೆ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಇವಳು ಪಕ್ಕದಿಂದ ಸರಿಮಾಡಿ ಹೇಳುವಳು. ಒಮ್ಮೆ ಅವನ ಜೊತೆ ಕೆಲಸ ಮಾಡುವ ಭೀಮರಾಯ ಎದುರಿಗಿದ್ದ. ಯಲ್ಲಾಲಿಂಗ ಫೋನಿನಲ್ಲಿ ಸಾಹೇಬರ ಜೊತೆ ಮಾತಾಡುತ್ತಿದ್ದಾಗ ಜ್ಯೋತ್ಸ್ನಾ ಮಧ್ಯದಲ್ಲೇ ಕೈಸನ್ನೆ ಮಾಡಿ ಒಂದು ಶಬ್ದ ತಿದ್ದಿದಳು. ಭೀಮರಾಯ ಹೊಟ್ಟೆ ಹಿಡಿದುಕೊಂಡು ನಕ್ಕ. ಯಲ್ಲಾಲಿಂಗನೂ ನಕ್ಕ, ಆದರೆ ಒಂದು ಗಳಿಗೆ ತಡವಾಗಿ. ಬೇರೆಯವರ ಒಂದು ಅಕ್ಷರ ತಪ್ಪಿದರೂ ಕೇಳಿಸಿಕೊಳ್ಳುವ ಜ್ಯೋತ್ಸ್ನಾಳ ಕಿವಿಗೆ ಆ ತಡ ಕೇಳಿಸಲಿಲ್ಲ.

ಅವಳ ಮನೆಯಲ್ಲಿ ವಿಷಯ ತಿಳಿದಾಗ ಅಮ್ಮ ಚಂಪಾ ಎರಡು ದಿನ ಮಾತು ಬಿಟ್ಟರು. ತುಳು ಆಡುವ ಮನೆ. ತೀರಿಹೋದ ಅಪ್ಪ ಸದಾನಂದ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಮ್ಯಾನೇಜರ್ ಆಗಿದ್ದವರು. "ನಮ್ಮವರಲ್ಲ, ನಮ್ಮ ಕಡೆಯವರೂ ಅಲ್ಲ, ಕೆಲಸ ನೋಡಿದ್ರೆ ಲಿಫ್ಟಿನ ಹೊಂಡದಲ್ಲಿ. ಬೇಡ ಮಗಾ," ಎಂದರು. "ನಾನು ಇರುವವರೆಗೆ ಇಲ್ಲ" ಎಂದೂ ಹೇಳಿದರು. ಜ್ಯೋತ್ಸ್ನಾ ಜಗಳ ಮಾಡಲಿಲ್ಲ. ಅಮ್ಮ ಇಂದಲ್ಲ ನಾಳೆ ಕರಗುತ್ತಾರೆ ಎಂದುಕೊಂಡಳು. ಹಾಗೆ ಒಂದು ವರ್ಷ ಹೋಯಿತು.

ಆ ವರ್ಷ ಅವನ ಕಾಗದ ಪತ್ರಗಳಲ್ಲೇ ಕಳೆಯಿತು. ಕೆಲಸದ ಪರೀಕ್ಷೆ, ಅನುಭವದ ಪತ್ರ, ಸರ್ಟಿಫಿಕೇಟು. ಪ್ರತಿಯೊಂದನ್ನೂ ಜ್ಯೋತ್ಸ್ನಾ ಓದಿ, ತಿದ್ದಿ, ಸ್ಕ್ಯಾನ್ ಮಾಡಿ ಕಳಿಸಿದಳು. ಅವಳ ಕಣ್ಣು ತಪ್ಪಿಸಿ ಅವನ ಒಂದು ಹಾಳೆಯೂ ಹೊರಗೆ ಹೋಗುತ್ತಿರಲಿಲ್ಲ. ಸೆಪ್ಟೆಂಬರಿನ ಒಂದು ಭಾನುವಾರ ಬೊರಿವಲಿಯ ಚಾಳಿನಲ್ಲಿ, ಸೋಮವ್ವ ಬಡಿದು ಹಾಕುತ್ತಿದ್ದ ರೊಟ್ಟಿ ಮುರಿದು ತಿನ್ನುತ್ತಾ ಇಬ್ಬರೂ ಅಂಕಗಳನ್ನು ಕೂಡಿಸಲು ಕೂತರು.

"ವಯಸ್ಸಿಗೆ ಮೂವತ್ತು," ಎಂದಳು ಜ್ಯೋತ್ಸ್ನಾ. "ಆದ್ರೆ ಮೂವತ್ತಮೂರು ತುಂಬಿದ ದಿನ ಐದು ಕಟ್. ಮುಂದಿನ ಜೂನ್ ಒಂದಕ್ಕೆ ನಿನಗೆ ತುಂಬ್ತದೆ."

ಒಲೆಯ ಬಳಿಯಿಂದ ಸೋಮವ್ವ ಹೇಳಿದಳು: "ಯಾವ ಜೂನವ್ವಾ? ಇಂವ ಹುಟ್ಟಿದ್ದು ಶೀಗಿ ಹುಣ್ಣಿವಿ ಮರುದಿನ. ಆರು ತುಂಬಿದ್ರ ಅಷ್ಟ ಸಾಲಿಗೆ ಅಂದ ಮಾಸ್ತರ. ಐದೂ ತುಂಬಿದ್ದಿಲ್ಲ, ಆದ್ರೂ ತುಂಬೇತಿ ಅಂದೆ. ಜೂನ್ ಒಂದು ಅಂತ ಬರಕೊಂಡ. ಆ ವರ್ಸ ಸಾಲಿಗೆ ಸೇರಿದ ಹುಡುಗೂರೆಲ್ಲಾ ಒಂದ ದಿನಾ ಹುಟ್ಟಿದವ್ರ ನೋಡು."

ಲೆಕ್ಕ ಹಾಕಿದರೆ ಅವನಿಗೆ ನಿಜವಾಗಿ ಇನ್ನೂ ಒಂದು ವರ್ಷ ನಾಲ್ಕು ತಿಂಗಳು ಹೆಚ್ಚಿಗೆ ಇತ್ತು. ಆದರೆ ಪಾಸ್‌ಪೋರ್ಟಿಗೆ ಅಕ್ಟೋಬರಿನ ಶೀಗಿ ಹುಣ್ಣಿಮೆ ಗೊತ್ತಿಲ್ಲ. ಜ್ಯೋತ್ಸ್ನಾ ನಕ್ಕೂ ನಕ್ಕೂ ಸಾಕಾಗಿ ಮುಂದಿನ ಸಾಲಿಗೆ ಬಂದಳು. ಬಂದವಳು ಅಲ್ಲೇ ನಿಂತಳು.

"ಮದುವೆ ಆಗಿರದಿದ್ರೆ ಹತ್ತು," ಎಂದು ಓದಿದಳು.

"ಹೆಂಡತಿಗೆ ಇಂಗ್ಲಿಷ್ ಬಂತಂದ್ರ ಐದು ಅಂತ ವೀಸಾ ಏಜೆಂಟ್ ಹೇಳಿದ," ಎಂದ ಯಲ್ಲಾಲಿಂಗ, ಅವಳ ಮುಖ ನೋಡದೆ.

"ಎಷ್ಟು ಚೆನ್ನಾಗಿ ಬಂದ್ರೂ?"

"ಎಷ್ಟ ಬಂದ್ರೂ ಐದ."

"ಅಂದ್ರೆ ನಾನು ಎಂಟು ವರ್ಷದಿಂದ ಊರಿಗೆಲ್ಲ ಕಲಿಸಿದ ಇಂಗ್ಲಿಷಿಗೆ ಐದು. ನಾನೇ ಇಲ್ಲ ಅಂದ್ರೆ ಹತ್ತು." ತಮಾಷೆಯಾಗಿಯೇ ಹೇಳಿದಳು. ಹೇಳಿದ ಮೇಲೆ ತಮಾಷೆ ಅನಿಸಲಿಲ್ಲ.

ಎಲ್ಲ ಕೂಡಿಸಿದರೆ ಎಪ್ಪತ್ತೈದು. ಅಷ್ಟಿದ್ದರೆ ಆಸೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಕಡಿಮೆ ಆದರೆ ನಾನು ಮಾತು ಕೊಡುವುದಿಲ್ಲ ಎಂದಿದ್ದ ಏಜೆಂಟ್. ಈಗ ಮದುವೆಯಾದರೆ ಎಪ್ಪತ್ತು. ಜೂನ್ ಒಂದು ದಾಟಿದರೂ ಎಪ್ಪತ್ತು. ಏಜೆಂಟನೇ ಒಂದು ದಾರಿಯನ್ನೂ ತೋರಿಸಿದ್ದ: ಅಂಕ ಎಣಿಸುವುದು ಅರ್ಜಿ ಹಾಕಿ ಎಂದು ಅಲ್ಲಿಂದ ಕರೆ ಬಂದ ದಿನಕ್ಕೆ. ಕರೆ ಬಂದ ಮೇಲೆ ಮದುವೆಯಾದರೆ ಅಂಕ ಇಳಿಯುವುದಿಲ್ಲ. ವೀಸಾ ಆಗುವುದರೊಳಗೆ ಹೆಂಡತಿಯ ಹೆಸರು ಸೇರಿಸಿದರೆ ಇಬ್ಬರೂ ಒಟ್ಟಿಗೆ ಹೋಗಬಹುದು.

"ಹಂಗಾರ ಕರೆ ಬಂದ ಮರುದಿನಾನ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮದುವಿ ನೋಟಿಸ್ ಕೊಡೂದು," ಎಂದ ಯಲ್ಲಾಲಿಂಗ. "ಒಂದು ದಿನಾನೂ ತಡ ಮಾಡೂದಿಲ್ಲ. ಅವ್ವ, ಸಾಕ್ಷಿ ನೀನ."

"ನನಗ ಸಹಿ ಬರೂದಿಲ್ಲೋ."

"ಮೇಡಂ ಕಲಸ್ತಾಳ ಬಿಡು."

ಸೋಮವ್ವ ಹಿಟ್ಟಿನ ಕೈಯಲ್ಲೇ ಜ್ಯೋತ್ಸ್ನಾಳ ಕೆನ್ನೆ ಸವರಿ ನೆಟಿಗೆ ಮುರಿದಳು. ಆ ಸಂಜೆ, ಕರೆಗಾಗಿ ಮೊದಲು ತುಂಬಬೇಕಾದ ಅವನ ಫಾರಮ್ಮಿನಲ್ಲಿ 'ಮದುವೆಯಾಗಿಲ್ಲ' ಎಂಬ ಜಾಗದಲ್ಲಿ ಗುರುತು ಹಾಕಿದ್ದು ಜ್ಯೋತ್ಸ್ನಾಳ ಬೆರಳೇ.

ಆಮೇಲೆ ಕಾಯುವುದು ಶುರುವಾಯಿತು. ಹೆಣ್ಣಿನ ಕಡೆಯವರು ಮುಹೂರ್ತಕ್ಕೆ ಕಾಯುವಂತೆ ಅವಳು ಕರೆಗೆ ಕಾದಳು. ಅಕ್ಟೋಬರ್ ಹೋಯಿತು, ನವೆಂಬರ್ ಹೋಯಿತು. "ಬಂತಾ?" ಎಂದರೆ "ಇಲ್ಲ ಮೇಡಂ" ಎನ್ನುತ್ತಿದ್ದ. ಹೊಸ ವರ್ಷದ ಮೇಲೆ ಅವನಿಗೆ ಕೆಲಸ ಹೆಚ್ಚಾಯಿತು. ಥಾಣೆಯಲ್ಲಿ ಹೊಸ ಟವರು, ದಾದರಿಗೆ ಬರಲು ಪುರುಸೊತ್ತಿಲ್ಲ. ವಾರಕ್ಕೆ ನಾಲ್ಕು ದಿನ ಸಿಗುತ್ತಿದ್ದವನು ಒಂದು ದಿನ ಸಿಕ್ಕ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಪಾಪ, ಜೂನ್ ಹತ್ತಿರ ಬರುತ್ತಿದೆ, ಚಿಂತೆಯಲ್ಲಿ ಇಳಿದುಹೋಗಿದ್ದಾನೆ ಎಂದುಕೊಂಡಳು. ಅವನಿಗೆ ಧೈರ್ಯ ಹೇಳಿದಳು. ಏಪ್ರಿಲಿನಲ್ಲಿ ಒಮ್ಮೆ ಸೇತುವೆಯ ಮೇಲೆ, "ಜೂನ್ ದಾಟಿದ್ರೂ ಪರವಾಗಿಲ್ಲ, ಇಲ್ಲೇ ಇರುವಾ. ನನಗೆ ನೀನು ಸಾಕು," ಎಂದಳು. ಅವನು ತಲೆ ತಗ್ಗಿಸಿ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆಯುತ್ತಾ ನಿಂತ. ಅವನ ಕಣ್ಣಲ್ಲಿ ನೀರು ಕಂಡು ಅವಳ ಜೀವ ಹಿಂಡಿತು.

ಮೇ ಹದಿನೆಂಟಕ್ಕೆ ಫೋನ್ ಬಂತು.

"ಮೇಡಂ, ನಾಳೆ ಹನ್ನೊಂದಕ್ಕ ದಾದರ್‌ಗೆ ಬರ್ತೀಯೇನು? ಆಧಾರ್ ಕಾರ್ಡ್ ತಗೊಂಡ ಬಾ. ಎರಡು ಫೋಟೋನೂ ಬೇಕು."

"ಬಂತಾ?" ಎಂದಳು ಜ್ಯೋತ್ಸ್ನಾ.

"ಬಾ, ಹೇಳ್ತೀನಿ."

ಆಧಾರ್ ಕಾರ್ಡ್, ಎರಡು ಫೋಟೋ. ಮದುವೆ ನೋಟಿಸಿಗೆ ಏನೇನು ಬೇಕು ಎಂದು ಅವಳು ಆರು ತಿಂಗಳ ಹಿಂದೆಯೇ ನೋಡಿಟ್ಟುಕೊಂಡಿದ್ದಳು. ಅಡುಗೆಮನೆಗೆ ಹೋಗಿ ಅಮ್ಮನ ಎದುರು ನಿಂತು ಎಲ್ಲವನ್ನೂ ಹೇಳಿಬಿಟ್ಟಳು. ಚಂಪಾ ಬಹಳ ಹೊತ್ತು ಕೊತ್ತಂಬರಿ ಸೊಪ್ಪು ಬಿಡಿಸುತ್ತಲೇ ಇದ್ದರು. ಮರುದಿನ ಬೆಳಿಗ್ಗೆ ಮಾತ್ರ, ಜ್ಯೋತ್ಸ್ನಾ ಹೊರಡುವಾಗ, ಕಪಾಟಿನಿಂದ ತಮ್ಮ ಹಸಿರು ರೇಷ್ಮೆ ಸೀರೆ ತೆಗೆದುಕೊಟ್ಟರು. ತಾವೇ ಹೋಗಿ ತಂದ ಮಲ್ಲಿಗೆಯನ್ನು ಮುಡಿಸಿದರು.

"ಸರ್ಕಾರಿ ಆಫೀಸು ಅಂತ ಹಾಗೆಯೇ ಹೋಗ್ತಾರಾ? ಹುಡುಗನಿಗೆ ಹೇಳು, ಸಂಜೆ ಊಟಕ್ಕೆ ಬರ್ಬೇಕು ಅಂತ. ಅವನ ಅಮ್ಮನನ್ನೂ ಕರ್ಕೊಂಡು ಬರ್ಲಿ," ಎಂದರು. ಜ್ಯೋತ್ಸ್ನಾ ಬಗ್ಗಿ ಅಮ್ಮನ ಕಾಲು ಮುಟ್ಟಿದಳು.

ದಾದರ್ ಪೂರ್ವದಲ್ಲಿ, ಕೋರ್ಟಿನ ಆಚೆಯ ಫುಟ್‌ಪಾತಿನಲ್ಲಿ ನೋಟರಿಗಳು ಮೇಜು ಹಾಕಿಕೊಂಡು ಕೂರುವ ಸಾಲಿನ ಹತ್ತಿರ ಅವನು ನಿಂತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಹಸಿರು ಸೀರೆ, ಮಲ್ಲಿಗೆ, ಬೆವರಿನಲ್ಲಿ ಹೊಳೆಯುವ ಅವಳ ಮುಖ. ಇದನ್ನೆಲ್ಲ ನೋಡಿದ್ದೇ ಅವನ ಬಣ್ಣ ಇಳಿಯಿತು.

"ಎಂಥ? ನಾನು ಚಂದ ಕಾಣುವುದಿಲ್ವಾ?" ಎಂದಳು ಜ್ಯೋತ್ಸ್ನಾ.

"ಮೇಡಂ... ಮೊದಲ ಇದನ್ನ ಓದು."

ಅವಳು ನಿಂತಲ್ಲೇ ಓದಿದಳು. ವೀಸಾ ಇಲಾಖೆಯ ಪತ್ರ. ನಿಮ್ಮ ಅರ್ಜಿಯ ಜೊತೆ ಕೊಟ್ಟಿರುವ ಕಂಪನಿಯ ದಾಖಲೆಗಳಲ್ಲಿ ಪತ್ನಿಯ ಹೆಸರಿದೆ. ಆದರೆ ನೀವು ಅವಿವಾಹಿತರೆಂದು ಹತ್ತು ಅಂಕ ಪಡೆದಿದ್ದೀರಿ. ಇಪ್ಪತ್ತೆಂಟು ದಿನದೊಳಗೆ ವಿವರಣೆ ಕೊಡಿ. ಅದರ ಕೆಳಗೆ ಆ ದಾಖಲೆಯ ನಕಲು. ಕಂಪನಿಯ ಅಪಘಾತ ವಿಮೆಯ ಫಾರಂ. ನಾಮಿನಿ: ಜ್ಯೋತ್ಸ್ನಾ ಸದಾನಂದ. ಸಂಬಂಧ: ಹೆಂಡತಿ. ತಾರೀಕು, ಹೋದ ವರ್ಷದ ಫೆಬ್ರುವರಿ. ಕೈಬರಹ ಅವನದೇ.

ಕರೆ ಬಂದಿದೆ, ಅರ್ಜಿ ಹೋಗಿದೆ, ತನಗೆ ಗೊತ್ತಿಲ್ಲ ಎಂಬುದೆಲ್ಲ ತಲೆಗೆ ಹತ್ತುವ ಮೊದಲೇ ಅವಳ ಕಣ್ಣು ಆ ಒಂದು ಶಬ್ದದ ಮೇಲೆ ಕೂತಿತು.

"ಇದನ್ನು ಯಾವಾಗ ಬರೆದೆ?"

"ಆ ವರ್ಷ ನಮ್ಮ ಸೈಟಿನ್ಯಾಗ ಒಬ್ಬಾಂವ ಲಿಫ್ಟಿನ ಶಾಫ್ಟಿನ್ಯಾಗ ಮ್ಯಾಲಿಂದ ಬಿದ್ದು ಸತ್ತ. ಮರುವಾರ ಎಲ್ಲಾರಿಗೂ ಈ ಫಾರಂ ಕೊಟ್ರು. ಮನಿಯವರದ ಹೆಸರು ಬರೀಬೇಕಂದ್ರು. ನಾ ಬಿದ್ರ..." ಅವನು ನಿಲ್ಲಿಸಿದ. "ನಾ ಬಿದ್ರ ಮೊದಲ ಫೋನ್ ನಿನಗ ಬರ್ಲಿ ಅನಿಸ್ತು. ಅದಕ್ಕ ಹಂಗ ಬರದೆ."

ಆ ಬಿಸಿಲಿನಲ್ಲಿ, ಟೈಪ್‌ರೈಟರುಗಳ ಸದ್ದಿನ ನಡುವೆ, ಜ್ಯೋತ್ಸ್ನಾಳಿಗೆ ಒಂದು ಕ್ಷಣ ಜಗತ್ತೇ ಕೈಗೆ ಸಿಕ್ಕಂತಾಯಿತು. ಹದಿನೈದು ತಿಂಗಳು ಅವಳು ಯಾವುದೋ ಕಾಗದದಲ್ಲಿ ಅವನ ಹೆಂಡತಿಯಾಗಿದ್ದಳು, ಅವಳಿಗೇ ತಿಳಿಯದೆ.

ಆಮೇಲೆ ಪುಟ ತಿರುಗಿಸಿದಳು.

ಎರಡನೆಯದು ಅದೇ ಫಾರಂ, ಹೊಸದು. ನಾಮಿನಿ: ಸೋಮವ್ವ. ಸಂಬಂಧ: ತಾಯಿ. ತಾರೀಕು, ನವೆಂಬರ್ ಹದಿನಾಲ್ಕು. ಅವಳು ಇಲಾಖೆಯ ಪತ್ರಕ್ಕೆ ಮರಳಿದಳು. ಅರ್ಜಿ ಹಾಕಲು ಕರೆ ಕಳಿಸಿದ ದಿನಾಂಕ ಮೇಲೆಯೇ ಇತ್ತು. ನವೆಂಬರ್ ಹದಿಮೂರು.

"ಆರು ತಿಂಗಳಾಯ್ತಾ?" ಎಂದಳು. ಅವಳ ದನಿ ಅವಳಿಗೇ ದೂರದಿಂದ ಬಂದಂತೆ ಕೇಳಿತು.

"ಹೇಳಬೇಕಂತ ಭಾಳ ಸಲ ಅಂದ್ಕೊಂಡೆ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ... ನನಗ ಏನ್ ಮಾಡಬೇಕೋ ತಿಳೀಲಿಲ್ಲ ಮೇಡಂ. ಮನಸು ಗಟ್ಟಿ ಇರಲಿಲ್ಲ. ಕಾಗದ ಎಲ್ಲಾ ನಾನ ಒಬ್ಬಾಂವ ಹಚ್ಚಿ ಕಳಿಸಿದೆ. ಕಂಪನಿಯವರು ಕೊಟ್ಟ ಗಂಟಿನ್ಯಾಗ ಇವೆರಡೂ ಇದ್ದು, ನೋಡಲಿಲ್ಲ."

ತನಗೆ ತೋರಿಸಿದ್ದರೆ ಈ ಎರಡು ಹಾಳೆ ಹೋಗುತ್ತಿರಲಿಲ್ಲ. ತನ್ನನ್ನು ಬಿಟ್ಟು ಹೋಗಲು ಹೊರಟವನು ತಾನಿಲ್ಲದ ಕಾರಣಕ್ಕೇ ಸಿಕ್ಕಿಬಿದ್ದಿದ್ದಾನೆ. ನಗಬೇಕೆನಿಸಿತು. ನಗು ಬರಲಿಲ್ಲ.

"ಈಗ ನನ್ನಿಂದ ಎಂಥ ಬೇಕು?"

ಅವನು ಫೈಲಿನಿಂದ ಇನ್ನೊಂದು ಹಾಳೆ ತೆಗೆದ. ಅವನೇ ಇಂಗ್ಲಿಷಿನಲ್ಲಿ ಬರೆದದ್ದು. ಜ್ಯೋತ್ಸ್ನಾ ಎಂಬ ನಾನು ಯಲ್ಲಾಲಿಂಗರ ಹೆಂಡತಿಯಲ್ಲ, ಎಂದೂ ಆಗಿರಲಿಲ್ಲ, ಅವರ ಜೊತೆ ಬಾಳುವೆ ಮಾಡಿಲ್ಲ, ಅವರಿಗೆ ಇಂಗ್ಲಿಷ್ ಕಲಿಸಿದ ಶಿಕ್ಷಕಿ ಮಾತ್ರ. ಕೆಳಗೆ ಅವಳ ಸಹಿಗೆ ಜಾಗ, ಫೋಟೋ ಅಂಟಿಸಲು ಚೌಕ. ಅವಳು ಓದಿದಳು. ಎರಡನೆಯ ಸಾಲು ತಪ್ಪಾಗಿತ್ತು. ಬ್ಯಾಗಿನಿಂದ ಪೆನ್ನು ತೆಗೆದು ತಿದ್ದಿದಳು. ನಾಲ್ಕನೆಯ ಸಾಲನ್ನೂ ತಿದ್ದಿದಳು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು.

"ನೋಡು! ಇದ! ಇದಕ್ಕ!" ಎಂದ ಯಲ್ಲಾಲಿಂಗ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವನು ದನಿ ತಗ್ಗಿಸಿದ. "ಈ ಹೊತ್ತಿನ್ಯಾಗೂ ನಿನಗ ನನ್ನ ತಪ್ಪ ಕಾಣ್ತಾವ. ಎಂಟು ವರ್ಷ ಇದ್ದಾಗಿಂದ ಈ ಊರಾಗ ನನ್ನ ಎಲ್ಲಾರೂ ತಿದ್ಯಾರ. ಮಾಸ್ತರ, ಸಾಹೇಬ, ರೈಲಿನ್ಯಾಗ ನಿಂತವ್ರು. ನೀ ಪ್ರೀತಿಲೇ ತಿದ್ದಿದಿ, ನನಗ ಗೊತ್ತೈತಿ. ಆದ್ರ ಅಲ್ಲಿಗೆ ಹೋಗಿ, ಅಷ್ಟು ದೂರ ಹೋಗಿ, ಮನಿಯೊಳಗ ಮತ್ತ ನಾ ಬೆಂಚಿನ ಮ್ಯಾಲ ಕೂಡೂದಾ? ನೀ ಫಟಾಫಟ್ ಮಾತಾಡ್ತಿ, ನಾ ಪಕ್ಕದಾಗ ಮೂಕ. ಕರೆ ಬಂದ ರಾತ್ರಿ ಅದ ಕಣ್ಣ ಮುಂದ ಬಂತು. ಒಬ್ಬನ ಹೋದ್ರ ಅಲ್ಲಿ ಯಾರಿಗೂ ನಾ ತಪ್ಪು ಮಾಡಾಂವ ಅಂತ ಗೊತ್ತಿರೂದಿಲ್ಲ."

ಜ್ಯೋತ್ಸ್ನಾಳಿಗೆ ಮೊದಲ ಬಾರಿ ಅವನ ಮಾತಿನಲ್ಲಿ ತಿದ್ದುವಂಥದ್ದು ಏನೂ ಕಾಣಲಿಲ್ಲ. ಅದು ನಿಜವೆಂದೂ ಅವಳಿಗೆ ಗೊತ್ತಾಯಿತು. ಒಂದು ದಿನ, ಒಂದೇ ಒಂದು ದಿನ, 'ಮೇಡಂ, ಸಾಕು ಮಾಡು' ಎಂದಿದ್ದರೆ ಅವಳು ನಾಲಿಗೆ ಕಚ್ಚಿಕೊಂಡು ಜೀವನವೆಲ್ಲ ಸುಮ್ಮನಿರುತ್ತಿದ್ದಳು.

"ಹೇಳ್ಬಾರ್ದಿತ್ತಾ?" ಎಂದಳು.

"ಹೇಳಿದ್ರ ನೀ ತಿದ್ದಿಕೋತಿದ್ದಿ. ಅದೂ ನನಗ ಬ್ಯಾಡಾಗಿತ್ತು." ಅವನು ಮುಖ ಒರೆಸಿಕೊಂಡ. "ಎರಡು ವರ್ಷ ಹೋಗ್ಲಿ. ನಾ ಅಲ್ಲಿ ನಿಂತ್ಕೊಂಡ ಮ್ಯಾಲ ನಿನ್ನ ಕರಸ್ಕೋತೀನಿ. ಆಣಿ ಮಾಡ್ತೀನಿ."

"ಬೇಡ. ಮನಸು ಗಟ್ಟಿ ಇರಲಿಲ್ಲ ಅಂದೆಯಲ್ಲ, ಅದು ಸುಳ್ಳು." ಅವಳು ಎರಡನೆಯ ಫಾರಮ್ಮಿನ ತಾರೀಕಿನ ಮೇಲೆ ಬೆರಳಿಟ್ಟಳು. "ಕರೆ ಬಂದ ಮರುದಿನ ಒಂದು ದಿನಾನೂ ತಡ ಮಾಡುವುದಿಲ್ಲ ಅಂದಿದ್ದೆ. ಮಾಡಲಿಲ್ಲ. ಮರುದಿನ ಬೆಳಿಗ್ಗೆಯೇ ಆಫೀಸಿಗೆ ಹೋಗಿ ನನ್ನನ್ನು ಹೊಡೆದುಹಾಕಿದ್ದೀ. ಆಮೇಲೆ ಆರು ತಿಂಗಳು ನನ್ನ ಎದುರು ನಿಂತು ಇಲ್ಲ ಮೇಡಂ, ಇಲ್ಲ ಮೇಡಂ."

ಯಲ್ಲಾಲಿಂಗ ಫೈಲನ್ನು ಎದೆಗೆ ಅವುಚಿಕೊಂಡ.

ಅವಳು ಟೈಪು ಮಾಡುವವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅವನ ಹಾಳೆಯನ್ನು ಆಚೆ ಸರಿಸಿ ಹೊಸದಾಗಿ ಹೇಳಿ ಬರೆಸಿದಳು. ಚೊಕ್ಕ ಇಂಗ್ಲಿಷ್, ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ವಿಮೆಯ ಫಾರಂ ನನ್ನ ಗಮನಕ್ಕೆ ಬಾರದೆ ತುಂಬಿದ್ದು. ನಾನು ಅವರ ಪತ್ನಿ ಎಂದೂ ಆಗಿರಲಿಲ್ಲ. ಮುಂದೆ ಆಗುವ ಉದ್ದೇಶವೂ ಇಲ್ಲ. ಕೊನೆಯ ಸಾಲು ಅವನು ಕೇಳಿದ್ದಲ್ಲ. ಅದನ್ನು ಕೇಳಿಸಿಕೊಂಡು ಅವನು, "ಅಷ್ಟು ಬ್ಯಾಡ ಮೇಡಂ," ಎಂದ.

"ಅಷ್ಟು ಬರೆದ್ರೆ ಮಾತ್ರ ಅವರು ನಂಬ್ತಾರೆ," ಎಂದಳು ಜ್ಯೋತ್ಸ್ನಾ.

ನೋಟರಿ ಆಧಾರ್ ಕಾರ್ಡನ್ನೂ ಅವಳ ಮುಖವನ್ನೂ ನೋಡಿದ. ಹಸಿರು ರೇಷ್ಮೆಯನ್ನೂ ಮಲ್ಲಿಗೆಯನ್ನೂ ನೋಡಿದ. ಆಮೇಲೆ ಪಕ್ಕದಲ್ಲಿ ನಿಂತವನ ಕಡೆ ಗದ್ದ ತೋರಿಸಿ, ಮರಾಠಿಯಲ್ಲಿ, "ತುಮ್ಹೀ ಹ್ಯಾಂಚ್ಯಾ ಕೋಣ?" ಎಂದು ಕೇಳಿದ. ನೀವು ಇವರಿಗೆ ಏನಾಗಬೇಕು?

"ಕೋಣೀ ನಾಹೀ," ಎಂದಳು ಜ್ಯೋತ್ಸ್ನಾ.

ಯಾರೂ ಅಲ್ಲ ಎಂದವಳ ಹೆಬ್ಬೆರಳಿನ ಗುರುತು ತೆಗೆದುಕೊಂಡು, ಸಹಿ ಹಾಕಿಸಿಕೊಂಡು, ನೋಟರಿ ಸೀಲು ಒತ್ತಿದ. ಮದುವೆ ನೋಟಿಸಿಗೆಂದು ತೆಗೆಸಿಟ್ಟಿದ್ದ ಎರಡು ಫೋಟೋಗಳಲ್ಲಿ ಒಂದು ಆ ಚೌಕದೊಳಗೆ ಹೋಯಿತು. ಇನ್ನೊಂದನ್ನು ಅವಳು ಬ್ಯಾಗಿಗೆ ಹಾಕಿಕೊಂಡಳು.

"ಅವ್ವಗ ಇನ್ನೂ ಹೇಳಿಲ್ಲ," ಎಂದ ಯಲ್ಲಾಲಿಂಗ, ಹಿಂದೆ ಹಿಂದೆಯೇ ಬರುತ್ತಾ. "ನೀ ಒಂದು ಮಾತು..."

"ಅದನ್ನಾದ್ರೂ ನೀನೇ ಹೇಳು. ತಪ್ಪು ತಪ್ಪಾಗಿಯಾದ್ರೂ ಹೇಳು, ನಾನು ಕೇಳಿಸಿಕೊಳ್ಳಲಿಕ್ಕೆ ಇರುವುದಿಲ್ಲ."

ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ನಿಂತುಬಿಡುತ್ತಿದ್ದಳು, ಅಷ್ಟು ಅವಳಿಗೆ ಗೊತ್ತಿತ್ತು. ಮುಲುಂಡಿನ ಲೋಕಲಿನಲ್ಲಿ ಲೇಡೀಸ್ ಡಬ್ಬಿಯ ಹೆಂಗಸೊಬ್ಬಳು ಸೀರೆ ಸವರಿ, ಯಾರ ಮದುವೆ ಎಂದು ಕೇಳಿದಳು. ಗೊತ್ತಿದ್ದವರದು ಎಂದಳು.

ಬಾಗಿಲು ತೆರೆದ ಚಂಪಾ ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದರು. ಅಡುಗೆಮನೆಯಿಂದ ಪಾಯಸದ ಏಲಕ್ಕಿ ವಾಸನೆ ಬರುತ್ತಿತ್ತು. ಪಕ್ಕದ ಫ್ಲ್ಯಾಟಿನಿಂದ ತಂದ ಎರಡು ಕುರ್ಚಿಗಳು ಹಾಲಿನಲ್ಲಿದ್ದವು.

"ಅವನು ಹೋಗ್ತಾನೆ ಅಮ್ಮ," ಎಂದಳು ಜ್ಯೋತ್ಸ್ನಾ. "ನಾನು ಹೋಗುವುದಿಲ್ಲ. ಮದುವೆ ಇಲ್ಲ."

ಚಂಪಾ ಮಗಳನ್ನು ಕೂರಿಸಿ ನೀರು ಕೊಟ್ಟರು. ಆಮೇಲೆ ಸೆರಗಿನಿಂದ ಬಾಯಿ ಒತ್ತಿಕೊಂಡು, "ನಾನು ಹೋದ ವರ್ಷವೇ ಹೂಂ ಅಂದಿದ್ರೆ ಆಗಿಹೋಗ್ತಿತ್ತಲ್ಲ ಮಗಾ? ಈ ಮಾರ್ಕು ಗೀರ್ಕು ಎಲ್ಲ ಶುರುವಾಗುವ ಮೊದಲೇ?" ಎಂದರು.

ಹೌದು, ಆಗಿಹೋಗುತ್ತಿತ್ತು. ಫೆಬ್ರುವರಿಯಲ್ಲಿ ಆ ಫಾರಂ ತುಂಬಿದವನು ಮಾರ್ಚಿನಲ್ಲಿ ತಾಳಿ ಕಟ್ಟುತ್ತಿದ್ದ. ಎಪ್ಪತ್ತು ಅಂಕ ಇಟ್ಟುಕೊಂಡು ಇಲ್ಲೇ ಇರುತ್ತಿದ್ದ. ಜ್ಯೋತ್ಸ್ನಾ ಅಮ್ಮನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು.

"ಇಲ್ಲಮ್ಮ, ನಿನ್ನಿಂದ ಎಂಥದ್ದೂ ಅಲ್ಲ," ಎಂದಳು.